ಬೇಲಾಪುರದಲ್ಲಿ ಏಳು ಮನೆಗಳ ಒಪ್ಪಂದ

ನವಿ ಮುಂಬಯಿಯ ಬೇಲಾಪುರದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಸರ್ಕಾರದ ನಗರಾಭಿವೃದ್ಧಿ ಸಂಸ್ಥೆಯಾದ ಸಿಡ್ಕೊಗಾಗಿ ವಿನ್ಯಾಸ ಮಾಡಿದ, 1983ರಿಂದ 1986ರ ನಡುವೆ ಕಟ್ಟಲಾದ ವಸತಿ ಬಡಾವಣೆಯನ್ನು ಜನ ಆರ್ಟಿಸ್ಟ್ ವಿಲೇಜ್ ಎನ್ನುತ್ತಾರೆ. ನಿವಾಸಿಗಳ ಜೊತೆ ಸೇರಿ ಅಲ್ಲಿ ಸಂರಕ್ಷಣೆಯ ಕೆಲಸಕ್ಕೆ ಇಳಿದಾಗ, ಉಳಿಸಬೇಕಾದದ್ದು ಏನು ಎಂಬುದನ್ನೇ ನಾನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾಯಿತು. ಹಳೆಯ ಛಾಯಾಚಿತ್ರಗಳಲ್ಲಿ ಕಾಣುವ ಹೆಂಚಿನ ಮಾಡಿನ ಮನೆಗಳು ಹಲವು ಕಡೆ ಹೋಗಿ, ಆ ಜಾಗದಲ್ಲಿ ಆರ್‌ಸಿಸಿಯ ಬಹುಮಹಡಿ ಮನೆಗಳು ಎದ್ದಿವೆ. ನೋಡಲೆಂದು ಬರುವ ವಾಸ್ತುಶಿಲ್ಪ ವಿದ್ಯಾರ್ಥಿಗಳು ಮುಖ ಸಪ್ಪೆ ಮಾಡಿಕೊಂಡು ಹೋಗುವುದುಂಟು. ನನಗೆ ಆ ದುಃಖದಲ್ಲಿ ಪಾಲಿಲ್ಲ. ಸಂಸಾರ ಬೆಳೆದಂತೆ ಮನೆಯೂ ಬೆಳೆಯಲಿ, ಸಾಧಾರಣ ಗಾರೆ ಮೇಸ್ತ್ರಿಯೇ ಅದನ್ನು ಬೆಳೆಸಲಿ ಎಂಬ ಉದ್ದೇಶದಿಂದಲೇ ಕೊರಿಯಾ ಪ್ರತಿ ಮನೆಗೂ ಸ್ವಂತ ನಿವೇಶನ ಕೊಟ್ಟು, ಅಕ್ಕಪಕ್ಕದವರು ಗೋಡೆ ಹಂಚಿಕೊಳ್ಳದಂತೆ ಯೋಜಿಸಿದ್ದರು. ಉಳಿಯಬೇಕಾದುದು ಮನೆಗಳ ನಡುವಿನ ಬಯಲು: ಏಳು ಮನೆಗಳಿಗೆ ಸುಮಾರು 8 ಮೀಟರ್ ಉದ್ದಗಲದ ಒಂದು ಅಂಗಳ, ಅಂತಹ ಮೂರು ಗುಂಪುಗಳು ಸೇರಿದ 21 ಮನೆಗಳಿಗೆ ಸುಮಾರು 12 ಮೀಟರಿನ ಇನ್ನೊಂದು.

ಪಾರಂಪರಿಕ ಕಟ್ಟಡ ಎಂದ ಕೂಡಲೇ ನಿವಾಸಿಗಳಿಗೆ ನೆನಪಾಗುತ್ತಿದ್ದುದು ಕೊಲ್ಲಿಯ ಆಚೆ ದಡದ ಮುಂಬಯಿಯಲ್ಲಿ 1995ರಿಂದ ಜಾರಿಯಲ್ಲಿರುವ ನಿಯಮಾವಳಿ ಮತ್ತು ಅಲ್ಲಿ ದುರಸ್ತಿಗೂ ಅನುಮತಿಗಾಗಿ ಕಾಯುವ ಮಾಲೀಕರು. ಆದ್ದರಿಂದ ನಾವು ನಕ್ಷೆ, ಪಟ್ಟಿಗಳನ್ನು ಬದಿಗಿಟ್ಟು ಮನೆಮನೆಯ ಆಲ್ಬಮ್ ಕೇಳಿದೆವು. ನಾಮಕರಣ, ಹಳದಿ-ಕುಂಕುಮ, ಮದುವೆಯ ಹಿಂದಿನ ದಿನದ ಅರಿಸಿನ ಇವೆಲ್ಲ ಅಂಗಳದಲ್ಲೇ ನಡೆದಿದ್ದವು, ಮತ್ತು ಪ್ರತಿ ಚಿತ್ರದ ಹಿನ್ನೆಲೆಯಲ್ಲಿ ಯಾವುದಾದರೂ ಮನೆಯ ಗೋಡೆಯೋ ಮೆಟ್ಟಿಲೋ ಇತ್ತು. ಮಗುವಿನ ವಯಸ್ಸಿನಿಂದ ಚಿತ್ರದ ವರ್ಷ ತಿಳಿಯುತ್ತಿತ್ತು, ವರ್ಷದಿಂದ ಆ ಮಹಡಿ ಬಂದ ಕಾಲ. ಇವನ್ನು ಕಾಲಾನುಕ್ರಮದಲ್ಲಿ ಅಂಗಳದ ನಕ್ಷೆಯ ಸುತ್ತ ಅಂಟಿಸಿದಾಗ, ಮನೆಗಳು ಎತ್ತರವಾದದ್ದಕ್ಕಿಂತ ಅಂಗಳ ಕಿರಿದಾದದ್ದು ಎಲ್ಲರ ಕಣ್ಣಿಗೂ ಬಿತ್ತು. ಒಬ್ಬರ ಮೆಟ್ಟಿಲು ಒಂದು ಮೀಟರ್ ಮುಂದೆ ಬಂದಿತ್ತು, ಇನ್ನೊಬ್ಬರ ತಗಡಿನ ಮಾಡು ಎರಡು. ಯಾರನ್ನೂ ದೂರಬೇಕಾಗಲಿಲ್ಲ.

ಇಡೀ ಬಡಾವಣೆಯ ಸಭೆ ಕರೆದರೆ ಮಾತಿಗೆ ಕೊನೆಯಿರುವುದಿಲ್ಲ. ವಿನ್ಯಾಸದ ಘಟಕವನ್ನೇ ನಿರ್ಧಾರದ ಘಟಕವಾಗಿ ಮಾಡಿಕೊಂಡು, ಏಳು ಮನೆಗಳಿಗೆ ಒಂದರಂತೆ ಒಂದೇ ಪುಟದ ಒಪ್ಪಂದವನ್ನು ಮರಾಠಿಯಲ್ಲಿ ಬರೆದೆವು. ಸಂಜೆಯ ಸಭೆಗೆ ಬಾಡಿಗೆದಾರರೂ ಹೆಂಗಸರೂ ಬರುತ್ತಿರಲಿಲ್ಲವಾದ್ದರಿಂದ ಮಧ್ಯಾಹ್ನವೂ ಕೂರಬೇಕಾಯಿತು. ಅಂಗಳವನ್ನು ದಿನವಿಡೀ ಬಳಸುವವರು ಅವರೇ ಆಗಿದ್ದರು. ಅಂಗಳಕ್ಕೆ ಮಾಡು ಹಾಕಬಾರದು, ಮೆಟ್ಟಿಲು ನಿವೇಶನದ ಒಳಗೇ ಇರಬೇಕು, ಮನೆಗಳ ನಡುವಿನ ಸಂದಿಯನ್ನು ಮುಚ್ಚಬಾರದು, ಒಳಚರಂಡಿಯ ಚೇಂಬರ್ ಮೇಲೆ ಏನನ್ನೂ ಕಟ್ಟಬಾರದು ಎಂಬವು ಮುಖ್ಯ ಕರಾರುಗಳು. ಚೇಂಬರ್ ತುಂಬಿ ಹರಿದರೆ ಆಗುವ ಪಾಡು ಎಲ್ಲರಿಗೂ ಗೊತ್ತಿದ್ದುದರಿಂದ ಕೊನೆಯದಕ್ಕೆ ಚರ್ಚೆಯೇ ನಡೆಯಲಿಲ್ಲ.

ಇದಕ್ಕೆ ಕಾನೂನಿನ ಬಲವಿಲ್ಲ. ಆದರೂ ನಡೆಯುವುದಕ್ಕೆ ಕಾರಣವೊಂದಿದೆ, ಮತ್ತು ಅದು ಸೌಂದರ್ಯಪ್ರಜ್ಞೆಯಲ್ಲ. ನಿವೇಶನ ಎಷ್ಟು ಚಿಕ್ಕದೆಂದರೆ, ಅತಿ ಸಣ್ಣದು ಸುಮಾರು 45 ಚದರ ಮೀಟರ್, ಮನೆ ಕೆಡವಿ ಕಟ್ಟುವವರು ಮರಳು, ಜಲ್ಲಿ, ಸೆಂಟ್ರಿಂಗ್ ಹಲಗೆಗಳನ್ನು ಅಂಗಳದಲ್ಲೇ ಹಾಕಬೇಕು. ಅದಕ್ಕೆ ಉಳಿದ ಆರು ಮನೆಯವರು ಒಪ್ಪಬೇಕು. ಆ ಒಪ್ಪಿಗೆ ಕೇಳಲು ಬಂದ ಹೊತ್ತೇ ಒಪ್ಪಂದವನ್ನು ಮುಂದಿಡುವ ಸಮಯ. ಸ್ಲ್ಯಾಬ್ ಬಿದ್ದ ಮೇಲೆ ಆಡಿದ ಮಾತು ವ್ಯರ್ಥ.

ಮಾಲೀಕರಷ್ಟೇ ಮುಖ್ಯರಾದವರು ಮೇಸ್ತ್ರಿಗಳು. ಅವರಲ್ಲಿ ಕೆಲವರು ಕಲಬುರಗಿ, ವಿಜಯಪುರ ಕಡೆಯವರು, ಹೀಗಾಗಿ ನನ್ನ ಕನ್ನಡಕ್ಕೂ ಅಲ್ಲಿ ಕೆಲಸ ಸಿಕ್ಕಿತು. "ಸರ, ಮನಿ ಉಳಸಾಕ ಬಂದೀರೋ, ಅಂಗಳ ಉಳಸಾಕ ಬಂದೀರೋ?" ಎಂದು ಒಬ್ಬರು ಕೇಳಿದರು. ಅಂಗಳ ಎಂದೆ. "ಹಂಗಾರ ಪಾಯಾ ತೋಡೂ ಮುಂಚೆ ಗೆರಿ ಹಾಕಿ ಕೊಡ್ರಿ" ಎಂದರು. ಅಲ್ಲಿಂದ ಮುಂದೆ ಹೊಸ ಪಾಯ ತೋಡುವ ದಿನ ಏಳೂ ಮನೆಯವರ ಎದುರಿಗೆ ಸುಣ್ಣದ ಗೆರೆ ಎಳೆಯುವುದು ರೂಢಿಯಾಯಿತು, ಮತ್ತು ಆ ಗೆರೆಯೇ ನಮ್ಮ ಒಂದು ಪುಟದ ಕಾಗದಕ್ಕಿಂತ ಹೆಚ್ಚು ಕೆಲಸ ಮಾಡಿದೆ ಎಂಬುದು ನನ್ನ ಅಭಿಪ್ರಾಯ.

21 ಮನೆಗಳ ದೊಡ್ಡ ಅಂಗಳಗಳಿಗೆ ಈ ಕ್ರಮ ಏರಿಲ್ಲ. ಅಲ್ಲಿ ಮರಳು ಹಾಕಲು ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ಕಾರು ನಿಲ್ಲಿಸಲಂತೂ ಕೇಳುವುದೇ ಇಲ್ಲ. ಪ್ರತಿ ಸಣ್ಣ ಅಂಗಳದಿಂದ ಇಬ್ಬರಂತೆ ಕೂತು, ಯಾವ ಬದಿಯಲ್ಲಿ ಕಾರು, ಯಾವ ಬದಿ ಖಾಲಿ ಎಂಬುದನ್ನು ತೀರ್ಮಾನಿಸುವ ಮಾತುಕತೆ ಈಗ ನಡೆದಿದೆ. ಕಾರಿಲ್ಲದ ಮನೆಗಳೂ ಅದರಲ್ಲಿ ಸಮವಾಗಿ ಕೂರಬೇಕೆಂಬುದಷ್ಟೇ ಸದ್ಯಕ್ಕೆ ಇತ್ಯರ್ಥವಾಗಿದೆ.