ಇಂಗ್ಲಿಷಿನ ಹೆಲ್ಪಿಂಗ್ ವರ್ಬ್: ಕನ್ನಡದ ಮೂಲಕ ಹಿಡಿತಕ್ಕೆ ತಂದುಕೊಳ್ಳುವುದು ಹೇಗೆ

‘ತಿಂದಳು’ ಅಂದರೆ ಸಾಕು. ಕೆಲಸ ಯಾವುದು, ಯಾವಾಗ ಆಯಿತು, ಮಾಡಿದ್ದು ಗಂಡೋ ಹೆಣ್ಣೋ, ಎಲ್ಲ ಗೊತ್ತಾಗುತ್ತದೆ. ಪ್ರಶ್ನೆ ಬೇಕೆಂದರೆ ‘ತಿಂದಳಾ?’ ಎಂದು ಕೊನೆ ಎಳೆದರೆ ಆಯಿತು. ಇಂಗ್ಲಿಷ್ ಕ್ರಿಯಾಪದ ಇಷ್ಟು ಹೊರೆ ಹೊರುವುದಿಲ್ಲ. ಪ್ರಶ್ನೆ ಕೇಳಲು, ‘ಇಲ್ಲ’ ಅನ್ನಲು, ‘ಬಹುದು’, ‘ಬೇಕು’ ಎನ್ನಲು ಅದಕ್ಕೆ ಜೊತೆಗೊಂದು ಪದ ಬೇಕು. ಅದೇ ಹೆಲ್ಪಿಂಗ್ ವರ್ಬ್, ಸಹಾಯಕ ಕ್ರಿಯಾಪದ.

ಇದು ನಮಗೆ ತೀರ ಹೊಸತೇನಲ್ಲ. ‘ಓದುತ್ತಿದ್ದಾಳೆ’ ಬಿಡಿಸಿ ನೋಡಿ: ಓದುತ್ತ + ಇದ್ದಾಳೆ. ‘ಶಿ ಈಸ್ ರೀಡಿಂಗ್’ ಕೂಡ ಅದೇ. ‘ರೀಡಿಂಗ್’ ಅಂದರೆ ಓದುತ್ತ, ‘ಈಸ್’ ಅಂದರೆ ಇದ್ದಾಳೆ. ನಮ್ಮಲ್ಲಿ ಸಹಾಯಕ ಪದ ಕೊನೆಗೆ ಬಂದು ಅಂಟಿಕೊಳ್ಳುತ್ತದೆ, ಅವರಲ್ಲಿ ಮೊದಲೇ ಬಂದು ಬಿಡಿಯಾಗಿ ನಿಲ್ಲುತ್ತದೆ.

ಪದಗಳು ಹೆಚ್ಚಿಲ್ಲ. ‘ಬಿ’ ಗುಂಪಿನಲ್ಲಿ ಆಮ್, ಈಸ್, ಆರ್, ವಾಸ್, ವರ್, ಬೀನ್, ಬೀಯಿಂಗ್. ‘ಹ್ಯಾವ್’ ಗುಂಪಿನಲ್ಲಿ ಹ್ಯಾಸ್, ಹ್ಯಾಡ್. ‘ಡು’ ಗುಂಪಿನಲ್ಲಿ ಡಸ್, ಡಿಡ್. ಇವಲ್ಲದೆ ಮೋಡಲ್ ಎನ್ನುವ 9 ಪದಗಳು: ಕ್ಯಾನ್, ಕುಡ್, ವಿಲ್, ವುಡ್, ಶಲ್, ಶುಡ್, ಮೇ, ಮೈಟ್, ಮಸ್ಟ್. ಪಟ್ಟಿ ಬಾಯಿಪಾಠ ಮಾಡಿದರೆ ಪ್ರಯೋಜನ ಕಡಿಮೆ. ಯಾವುದರ ನಂತರ ಮುಖ್ಯ ಕ್ರಿಯಾಪದ ಯಾವ ರೂಪದಲ್ಲಿ ಬರುತ್ತದೆ ಎನ್ನುವುದೇ ಕಲಿಯಬೇಕಾದ್ದು. ಮೋಡಲ್ ಮತ್ತು ‘ಡು’ ಗುಂಪಿನ ನಂತರ ಮೂಲರೂಪ: ‘ಕ್ಯಾನ್ ಗೋ’, ‘ಡಿಡ್ ನಾಟ್ ಗೋ’. ‘ಹ್ಯಾವ್’ ನಂತರ ಮೂರನೇ ರೂಪ (‘ಗೋ, ವೆಂಟ್, ಗಾನ್’ ಎನ್ನುವಲ್ಲಿ ಕೊನೆಯದು): ‘ಹ್ಯಾಸ್ ಗಾನ್’. ‘ಬಿ’ ನಂತರ ಕೆಲಸ ನಡೆಯುತ್ತಿದ್ದರೆ ‘ಇಂಗ್’ ರೂಪ, ಕರ್ಮಣಿ ಪ್ರಯೋಗವಾದರೆ ಮೂರನೇ ರೂಪ: ‘ಈಸ್ ಗೋಯಿಂಗ್’, ‘ವಾಸ್ ಸ್ಟೋಲನ್’.

ಅತಿ ಹೆಚ್ಚು ಕೇಳಿಬರುವ ತಪ್ಪು ‘ಐ ಡಿಡ್ ನಾಟ್ ವೆಂಟ್’. ನಿನ್ನೆಯ ಮಾತಾದ್ದರಿಂದ ‘ವೆಂಟ್’ ಬೇಕು ಎಂದು ಮನಸ್ಸು ಹೇಳುತ್ತದೆ. ಆದರೆ ಕನ್ನಡದಲ್ಲಿ ನಾವು ಏನನ್ನುತ್ತೇವೆ? ‘ಹೋದೆ’ ಎನ್ನುತ್ತೇವೆ, ‘ಹೋಗಲಿಲ್ಲ’ ಎನ್ನುತ್ತೇವೆ. ‘ಹೋದಲಿಲ್ಲ’ ಎಂದು ಮಕ್ಕಳೂ ಹೇಳುವುದಿಲ್ಲ. ‘ಇಲ್ಲ’ ಬಂದ ಕೂಡಲೇ ‘ಹೋದ’ ತನ್ನ ಭೂತಕಾಲದ ರೂಪ ಬಿಟ್ಟು ‘ಹೋಗಲು’ ಆಗುತ್ತದೆ. ಇಂಗ್ಲಿಷಿನಲ್ಲೂ ‘ಡಿಡ್’ ಬಂದ ಕೂಡಲೇ ‘ವೆಂಟ್’ ಮತ್ತೆ ‘ಗೋ’ ಆಗುತ್ತದೆ, ಏಕೆಂದರೆ ಭೂತಕಾಲವನ್ನು ‘ಡಿಡ್’ ಆಗಲೇ ಹೊತ್ತುಕೊಂಡಿದೆ. ‘ಶಿ ಈಟ್ಸ್’ ಎನ್ನುವುದರ ಕೊನೆಯ ‘ಸ್’ ಕೂಡ ಹೀಗೆಯೇ ‘ಡಸ್’ ಒಳಗೆ ಸೇರಿಕೊಳ್ಳುತ್ತದೆ. ಹಾಗಾಗಿ ‘ಡಸ್ ಶಿ ಈಟ್’ ಸರಿ, ‘ಡಸ್ ಶಿ ಈಟ್ಸ್’ ತಪ್ಪು. ಕಾಲದ ಗುರುತು ಒಂದೇ ಕಡೆ ಇರಬೇಕು. ಪ್ರಶ್ನೆಯೂ ಅಲ್ಲದ, ನಿಷೇಧವೂ ಅಲ್ಲದ ವಾಕ್ಯದಲ್ಲಿ ‘ಐ ಡಿಡ್ ಗೋ’ ಎಂದರೆ ಬರೀ ‘ಹೋದೆ’ ಅಲ್ಲ, ‘ನಿಜವಾಗಿಯೂ ಹೋಗಿದ್ದೆ’ ಎಂದು ಒತ್ತಿ ಹೇಳಿದಂತೆ.

ಎರಡನೆಯ ತಪ್ಪು ‘ಹ್ಯಾಡ್’ ವಿಚಾರದಲ್ಲಿ, ಚೆನ್ನಾಗಿ ಇಂಗ್ಲಿಷ್ ಬಲ್ಲವರ ಬಾಯಲ್ಲೂ ಇದು ಬರುತ್ತದೆ. ‘ನಿನ್ನೆ ಮಾರ್ಕೆಟ್ಟಿಗೆ ಹೋಗಿದ್ದೆ’ ಎನ್ನುವುದು ಕನ್ನಡದಲ್ಲಿ ಸಹಜ. ಅದನ್ನೇ ‘ಐ ಹ್ಯಾಡ್ ಗಾನ್ ಟು ದ ಮಾರ್ಕೆಟ್ ಯೆಸ್ಟರ್‌ಡೇ’ ಎಂದು ಹೇಳಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಹಿಂದೆ ನಡೆದ ಎರಡು ಸಂಗತಿಗಳಿದ್ದು, ಅವುಗಳಲ್ಲಿ ಮೊದಲು ನಡೆದದ್ದಕ್ಕೆ ಮಾತ್ರ ‘ಹ್ಯಾಡ್’. ನಾನು ಸ್ಟೇಷನ್ ಮುಟ್ಟುವಷ್ಟರಲ್ಲಿ ರೈಲು ಹೊರಟುಹೋಗಿತ್ತು: ‘ದ ಟ್ರೈನ್ ಹ್ಯಾಡ್ ಲೆಫ್ಟ್ ವೆನ್ ಐ ರೀಚ್ಡ್ ದ ಸ್ಟೇಷನ್’. ನಿನ್ನೆ ಮಾರ್ಕೆಟ್ಟಿಗೆ ಹೋಗಿ ಬಂದದ್ದಷ್ಟೇ ಸುದ್ದಿಯಾದರೆ ‘ಐ ವೆಂಟ್’. ‘ಹ್ಯಾವ್ ಗಾನ್’ ಕೂಡ ‘ಯೆಸ್ಟರ್‌ಡೇ’ ಜೊತೆ ಹೊಂದುವುದಿಲ್ಲ.

ಪ್ರಶ್ನೆ ಮಾಡುವಾಗ ಸಹಾಯಕ ಪದ ಕರ್ತೃವಿನ ಮುಂಚೆ ಬರಬೇಕು. ‘ಬಿ’ ಗುಂಪಿನ ಪದ ತಾನೇ ಮುಖ್ಯ ಕ್ರಿಯಾಪದವಾಗಿದ್ದರೂ ಹೀಗೆಯೇ. ‘ವೈ ಯು ಆರ್ ಲೇಟ್?’ ಅಲ್ಲ, ‘ವೈ ಆರ್ ಯು ಲೇಟ್?’ ಆದರೆ ಆ ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಸೇರಿದರೆ ಕ್ರಮ ಮತ್ತೆ ನೇರವಾಗುತ್ತದೆ: ‘ಟೆಲ್ ಮಿ ವೈ ಯು ಆರ್ ಲೇಟ್’. ವಾಕ್ಯದಲ್ಲಿ ಸಹಾಯಕ ಪದವಾಗಲಿ ‘ಬಿ’ ಗುಂಪಿನ ಪದವಾಗಲಿ ಇಲ್ಲದಿದ್ದರೆ ಮಾತ್ರ ‘ಡು’, ‘ಡಸ್’, ‘ಡಿಡ್’ ಕರೆತನ್ನಿ.

ಮೋಡಲ್‌ಗಳಲ್ಲಿ ಕನ್ನಡ ನಮಗೆ ದೊಡ್ಡ ಆಸರೆ. ‘ಬಾರದು’ ಮತ್ತು ‘ಬೇಕಾಗಿಲ್ಲ’ ಒಂದೇ ಎಂದು ಯಾರಿಗೂ ಅನ್ನಿಸುವುದಿಲ್ಲ. ‘ಮಸ್ಟ್ ನಾಟ್’ ಅಂದರೆ ಬಾರದು, ‘ಡೋಂಟ್ ಹ್ಯಾವ್ ಟು’ ಅಂದರೆ ಬೇಕಾಗಿಲ್ಲ. ‘ಯು ಮಸ್ಟ್ ನಾಟ್ ಪೇ’ ಎಂದರೆ ಹಣ ಕೊಡಲೇಬಾರದು ಎಂದಾಗುತ್ತದೆ. ಕೊಡದಿದ್ದರೂ ನಡೆಯುತ್ತದೆ ಎಂಬ ಅರ್ಥ ಬರುವುದಿಲ್ಲ. ‘ಬಹುದು’ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ‘ಮಳೆ ಬರಬಹುದು’ ಎನ್ನಲು ‘ಇಟ್ ಮೇ ರೈನ್’ ಅಥವಾ ‘ಮೈಟ್’ ಬಳಸಿ, ‘ಕ್ಯಾನ್’ ಬೇಡ. ಮೋಡಲ್ ನಂತರ ‘ಟು’ ಹಾಕಬೇಡಿ, ‘ಕ್ಯಾನ್ ಟು ಸ್ವಿಮ್’ ತಪ್ಪು. ಎರಡು ಮೋಡಲ್ ಒಟ್ಟಿಗೆ ಬರುವುದೂ ಇಲ್ಲ. ‘ಈಜಲು ಆಗುತ್ತದೆ’ ಎಂದು ನಾಳೆಯ ಮಾತು ಹೇಳಬೇಕಾದರೆ ‘ವಿಲ್ ಕ್ಯಾನ್’ ಬಿಟ್ಟು ‘ವಿಲ್ ಬಿ ಏಬಲ್ ಟು ಸ್ವಿಮ್’ ಎನ್ನಬೇಕು.

ಹಲವು ಸಹಾಯಕ ಪದಗಳು ಸಾಲಾಗಿ ಬಂದರೆ ಅನುಕ್ರಮ ಬದಲಾಗದು: ಮೊದಲು ಮೋಡಲ್, ಆಮೇಲೆ ‘ಹ್ಯಾವ್’, ಆಮೇಲೆ ‘ಬಿ’. ‘ಶಿ ಶುಡ್ ಹ್ಯಾವ್ ಬೀನ್ ಟೋಲ್ಡ್’, ಅಂದರೆ ಅವಳಿಗೆ ಹೇಳಬೇಕಾಗಿತ್ತು.

‘ಹ್ಯಾವ್’, ‘ಡು’, ‘ಈಸ್’ ಒಮ್ಮೊಮ್ಮೆ ತಾವೇ ಮುಖ್ಯ ಕ್ರಿಯಾಪದಗಳು. ‘ಐ ಹ್ಯಾವ್ ಟೂ ಬ್ರದರ್ಸ್’ ವಾಕ್ಯದಲ್ಲಿ ‘ಹ್ಯಾವ್’ ಆದಮೇಲೆ ಇನ್ನೊಂದು ಕ್ರಿಯಾಪದ ಇಲ್ಲ, ಆದ್ದರಿಂದ ಅದು ಸಹಾಯಕವಲ್ಲ. ಇದನ್ನು ‘ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂದು ಮಾಡಬಾರದು. ‘ಐ ಆಮ್ ನೋಯಿಂಗ್’ ಕೂಡ ಬೇಡ, ‘ಐ ನೋ’ ಸಾಕು. ‘ಅವರು ಡಾಕ್ಟರ್’ ಎನ್ನಲು ಕನ್ನಡಕ್ಕೆ ಕ್ರಿಯಾಪದವೇ ಬೇಡ, ಇಂಗ್ಲಿಷಿಗೆ ‘ಈಸ್’ ಬೇಕೇ ಬೇಕು.

ಅಭ್ಯಾಸಕ್ಕೆ ದಿನಕ್ಕೆ 5 ವಾಕ್ಯ ಸಾಕು. ಪ್ರತಿಯೊಂದನ್ನೂ ಹೇಳಿಕೆ, ನಿಷೇಧ, ಪ್ರಶ್ನೆ, ಚಿಕ್ಕ ಉತ್ತರ ಹೀಗೆ ನಾಲ್ಕು ಬಗೆಯಲ್ಲಿ ಗಟ್ಟಿಯಾಗಿ ಹೇಳಿ. ಚಿಕ್ಕ ಉತ್ತರವನ್ನು ಬಿಡಬೇಡಿ. ‘ಊಟ ಆಯ್ತಾ?’ ಎಂದರೆ ನಾವು ‘ಆಯ್ತು’ ಎಂದು ಅದೇ ಕ್ರಿಯಾಪದವನ್ನು ಮರಳಿಸುತ್ತೇವೆ. ಇಂಗ್ಲಿಷಿನಲ್ಲಿ ಮರಳಿಸುವುದು ಸಹಾಯಕ ಪದವನ್ನು: ‘ಹ್ಯಾವ್ ಯು ಈಟನ್?’ ‘ಯೆಸ್, ಐ ಹ್ಯಾವ್’. ‘ನೀವು ಬರಲ್ವಾ?’ ಎಂದಾಗ ನಾವು ‘ಹೂಂ, ಬರಲ್ಲ’ ಎಂದು ಒಪ್ಪುತ್ತೇವೆ. ‘ವೋಂಟ್ ಯು ಕಮ್?’ ಎಂದು ಕೇಳಿದರೆ ಬರದವರು ‘ನೋ, ಐ ವೋಂಟ್’ ಎನ್ನಬೇಕು. ‘ಯೆಸ್’ ಎಂದರೆ ಕೇಳಿದವರು ನೀವು ಬರುತ್ತೀರೆಂದೇ ಕಾಯುತ್ತಾರೆ.