ಮೈಲುತುತ್ತ ಕುಡಿದ ಮಣ್ಣಲ್ಲಿ ಬೇರಿನ ಜೀವಾಣು ಉಳಿಸುವುದು ಹೇಗೆ?

ಕೊಡಗಿನಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆಯದ ತೋಟ ಸಿಗುವುದು ಕಷ್ಟ. ಕಾಫಿಯ ಎಲೆ ತುಕ್ಕಿಗೂ ಬೇಕು, ಕಾಳುಮೆಣಸಿನ ಸೊರಗು ರೋಗಕ್ಕೂ ಬೇಕು. ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಎಲೆಯಿಂದ ತೊಳೆದು ಬಂದದ್ದು ಮೇಲ್ಮಣ್ಣಿನಲ್ಲೇ ಕೂರುತ್ತದೆ. ಕಾಫಿಯ ಸಣ್ಣ ಬೇರುಗಳು ಜಾಸ್ತಿ ಇರುವುದೂ ಅಲ್ಲೇ ಅಲ್ವಾ?

ಮೊದಲು ಜಾಗ ಗುರುತಿಸಿ. ಡ್ರಮ್ ಇಟ್ಟು ದ್ರಾವಣ ಕಲಸುವ ಕಡೆ, ಸ್ಪ್ರೇಯರ್ ತೊಳೆಯುವ ಕಡೆ, ಬುಡಕ್ಕೆ ಸುರಿಯುವ ಮೆಣಸಿನ ಪಾತಿ. ಅಲ್ಲಿಂದ ಅರ್ಧ ಅಡಿ ಆಳದವರೆಗಿನ ಮಣ್ಣು ತೆಗೆದು ಪರೀಕ್ಷೆಗೆ ಕೊಡಿ. ಹಿತ್ತಾಳೆ ಪಾತ್ರೆ ಬಳಸಬೇಡಿ, ಅದರಲ್ಲೂ ತಾಮ್ರ ಇದೆ. ತಾಮ್ರದ ಅಂಶವನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ, ಇಲ್ಲದಿದ್ದರೆ ವರದಿಯಲ್ಲಿ ಅದು ಇರದೇ ಹೋಗಬಹುದು. ಎಲ್ಲಿ ಮಾಡಿಸುವುದೆಂದು ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲೋ ವಿಚಾರಿಸಿ.

ಜೀವಾಣುಗಳ ಪಾಡು ತಿಳಿಯಲು ಅಲಸಂದೆ ಸಾಕು. ಮೂರು ಕುಂಡ ತೆಗೆದುಕೊಳ್ಳಿ. ಒಂದಕ್ಕೆ ಡ್ರಮ್ಮಿನ ಪಕ್ಕದ ಮಣ್ಣು, ಇನ್ನೊಂದಕ್ಕೆ ಸ್ಪ್ರೇ ತಾಗದ ಮೂಲೆಯ ಮಣ್ಣು (ದೇವರಕಾಡಿಗೆ ಗುದ್ದಲಿ ಹಿಡಿದು ಹೋಗಬೇಡಿ ಮತ್ತೆ!). ಮೂರನೆಯದಕ್ಕೂ ಡ್ರಮ್ಮಿನ ಪಕ್ಕದ್ದೇ, ಆದರೆ ಐದು ಕೆಜಿ ಮಣ್ಣಿಗೆ ಎರಡು ಬೊಗಸೆ ಹಳೇ ಕಾಂಪೋಸ್ಟ್, ಒಂದು ಟೀ ಚಮಚ ಕೃಷಿ ಸುಣ್ಣ ಕಲಸಿ. ಮೂರರಲ್ಲೂ ಅಲಸಂದೆ ಬಿತ್ತಿ. ಯೂರಿಯಾ ಮುಟ್ಟಿಸಬೇಡಿ, ಹಾಕಿದರೆ ಬೇರಿನಲ್ಲಿ ಗಂಟು ಸರಿಯಾಗಿ ಕಟ್ಟುವುದಿಲ್ಲ. ಹೂ ಬರುವ ಹೊತ್ತಿಗೆ ಗಿಡವನ್ನು ಮಣ್ಣು ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ರೈಜೋಬಿಯಂ (ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಕೆಲಸ ಮಾಡುತ್ತಿದೆ. ಬಿಳಿಚಿಕೊಂಡಿದ್ದರೆ ಇಲ್ಲ. ತಾಮ್ರ ಅತಿಯಾದ ಕಡೆ ಬೇರು ಮೊಂಡಾಗಿ, ಕಂದು ಬಣ್ಣಕ್ಕೆ ತಿರುಗಿ, ಕವಲೇ ಒಡೆಯದೆ ನಿಂತಿರುತ್ತದೆ. ಹುಳಿ ಮಣ್ಣಿನಲ್ಲೂ ಗಂಟು ಕಮ್ಮಿಯೇ, ಹಾಗಾಗಿ ಇದೊಂದನ್ನೇ ನೋಡಿ ತೀರ್ಮಾನ ಬೇಡ, ವರದಿಯ ಜೊತೆ ಇಟ್ಟು ಓದಿ.

ಬೇರು ಸಕ್ಕರೆಯಂಥ ರಸ ಒಸರುತ್ತದೆ. ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳ ಲೋಳೆಗೆ ತಾಮ್ರ ಅಂಟಿಕೊಳ್ಳುತ್ತದೆ. ಬೇರಿನ ಜೊತೆ ಬಾಳುವ ಮೈಕೋರೈಜಾ ಶಿಲೀಂಧ್ರ ತನ್ನ ಎಳೆಗಳಲ್ಲಿ ಒಂದಷ್ಟನ್ನು ಹಿಡಿದಿಟ್ಟು, ಗಿಡಕ್ಕೆ ಹೋಗದಂತೆ ತಡೆಯುತ್ತದೆ. ಎಲ್ಲ ಜೀವಾಣುಗಳೂ ಹೀಗಲ್ಲ. ಕೆಲವು ಆಮ್ಲ ಬಿಟ್ಟು ಲೋಹವನ್ನು ಕರಗಿಸುತ್ತವೆ. ಗಿಡದ ಮೂಲಕ ಲೋಹ ಹೊರತೆಗೆಯುವವರಿಗೆ ಅವು ಬೇಕು. ನಮ್ಮ ಕಾಫಿ ತೋಟಕ್ಕೆ ಬೇಕಾದದ್ದು ಕಟ್ಟಿಹಾಕುವವು.

ಜೋರು ಮಳೆಗೆ ಸುಣ್ಣದ ಅಂಶ ತೊಳೆದು ಹೋಗಿ ನಮ್ಮ ಮಣ್ಣು ಹುಳಿಯಾಗುತ್ತದೆ. ಹುಳಿ ಹೆಚ್ಚಿದಷ್ಟೂ ತಾಮ್ರ ಮಣ್ಣಿನ ಹಿಡಿತದಿಂದ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಮೊದಲು ವರದಿಯ ಪ್ರಕಾರ ಸುಣ್ಣ, ಆಮೇಲೆ ಕಾಂಪೋಸ್ಟ್, ದರಗಿನ ಮುಚ್ಚಿಗೆ. ಅಂಗಡಿಯ ಜೀವಾಣು ಪೊಟ್ಟಣ ಕೊನೆಗೆ. ಸುಣ್ಣ, ಗೊಬ್ಬರ ಇಲ್ಲದೆ ಸುಮ್ನೆ ಸುರಿದರೆ ದುಡ್ಡು ದಂಡ.

ಟ್ರೈಕೋಡರ್ಮಾ (ರೋಗ ತರುವ ಶಿಲೀಂಧ್ರಗಳನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ) ಹಾಕುವುದಾದರೆ 90 ಕೆಜಿ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿಗೆ 1 ಕೆಜಿ ಬೆರೆಸಿ, ನೆರಳಲ್ಲಿ ತೇವ ಆರದಂತೆ ಎರಡು ವಾರ ಇಡಿ. ಬೋರ್ಡೋಗೂ ಇದಕ್ಕೂ 15 ದಿನವಾದರೂ ಅಂತರ ಇರಲಿ.

ಇನ್ನು ಮುಂದೆ ದ್ರಾವಣವನ್ನು ಸಿಮೆಂಟು ನೆಲದ ಮೇಲೆ ಕಲಸಿ, ಆ ದಿನಕ್ಕೆ ಬೇಕಾದಷ್ಟೇ. ಉಳಿದದ್ದನ್ನು ತೋಡಿಗೆ ಚೆಲ್ಲಬೇಡಿ, ಮೀನು ಸಾಯುತ್ತವೆ.