ಹಳೇ ಐ3 ಮೇಲೆ ಮದುವೆ ವಿಡಿಯೊ ಓಡಿಸಿದ ಕತೆ

'ಹೊಸ ಕಂಪ್ಯೂಟರ್ ತಗೊಳ್ಳಿ ಸಾರ್, ಇದರಲ್ಲಿ ಆಗಲ್ಲ' ಅಂದ ಅಂಗಡಿಯವನು. ಭಾವನೂ ಹೂಂಗುಟ್ಟಿದರು. ಅಕ್ಕನ ಮಗಳ ಮದುವೆಯನ್ನು ಅವರೇ ಐಫೋನಿನಲ್ಲಿ 4ಕೆ ಶೂಟ್ ಮಾಡಿದ್ದರು. ನಮ್ಮನೆ ಕಂಪ್ಯೂಟರಿಗೆ (ಇಂಟೆಲ್‌ನ ನಾಲ್ಕನೇ ಜನರೇಷನ್ ಐ3 ಚಿಪ್) ಹಾಕಿದರೆ ವಾಲಗ ಕೇಳುತ್ತದೆ, ಪರದೆ ಮಾತ್ರ ಕಪ್ಪು.

ಮೊದಲು ಯಾವುದೋ ಸೈಟಿನಿಂದ ಕೋಡೆಕ್ ಪ್ಯಾಕ್ (ವಿಡಿಯೊ ಬಿಡಿಸಿ ತೋರಿಸುವ ತಂತ್ರಾಂಶಗಳ ಕಟ್ಟು) ಇಳಿಸಿದೆ. ಜೊತೆಗೆ ಬಂದ ಕಸ ಗುಡಿಸಲು ಅರ್ಧ ದಿನ ಹೋಯಿತು. ಫಾರ್ಮ್ಯಾಟ್‌ಗೆ 500 ಕೊಟ್ಟೆ, ಅದೂ ದಂಡ. ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಆಗ ನೂರರೊಳಗೆ ಸಿಕ್ಕ ಎಚ್‌ಇವಿಸಿ (ಐಫೋನ್ ವಿಡಿಯೊ ಅಡಕ ಮಾಡುವ ವಿಧಾನ) ಎಕ್ಸ್‌ಟೆನ್ಶನ್ ಹಾಕಿದ ಮೇಲೆ ಚಿತ್ರ ಬಂತು. ಆದರೆ ತಾಳಿ ಕಟ್ಟುವ ಹೊತ್ತಿಗೆ ಮದುಮಗ ನಿಂತಲ್ಲೇ ಕಲ್ಲಾದ! ವಿಎಲ್‌ಸಿ ಪ್ಲೇಯರಿನಲ್ಲೂ ಅದೇ ಹಾಡು, ಸಿಪಿಯು ಬಳಕೆ ಶೇಕಡಾ 100ಕ್ಕೆ ಅಂಟಿಕೊಂಡಿತ್ತು.

ಆಮೇಲೆ ಮಾಡಿದ್ದು ಶುದ್ಧ ಪೆದ್ದುತನ. 1,800 ಕೊಟ್ಟು ಸೆಕೆಂಡ್ ಹ್ಯಾಂಡ್ ಜಿಟಿ 710 ಗ್ರಾಫಿಕ್ಸ್ ಕಾರ್ಡ್ ತಂದೆ. ಅದು ಹಳೇ ವಿಧಾನವಾದ ಎಚ್.264 ಬಿಡಿಸುತ್ತದೆ, ಎಚ್‌ಇವಿಸಿ ಬಿಡಿಸುವುದಿಲ್ಲ. ನೋಡಿ ತರಬೇಕಿತ್ತು, ಅಲ್ವಾ?

ಕೊನೆಗೆ ಫೈಲಿನ ಜಾತಕ ಹೇಳುವ ಮೀಡಿಯಾಇನ್ಫೊ ತೆರೆದೆ. ಎಚ್‌ಇವಿಸಿಯಲ್ಲೇ ಮೇನ್ 10 ಬಗೆ, ಅಂದರೆ ಬಣ್ಣಕ್ಕೆ 8ರ ಬದಲು 10 ಬಿಟ್. ಇಂಟೆಲ್ ಚಿಪ್‌ಗಳಲ್ಲಿ ಇದು ಸಲೀಸಾಗಿ ಓಡುವುದು ಏಳನೇ ಜನರೇಷನ್‌ನಿಂದ. ಕೋಡೆಕ್ ಹುಡುಕಿ ಪ್ರಯೋಜನವಿಲ್ಲ, ಫೈಲನ್ನೇ ಬದಲಿಸಬೇಕು ಅಂತ ಆಗ ಹೊಳೆಯಿತು.

ವಿಡಿಯೊ ಬದಲಿಸುವ ಎಫ್‌ಎಫ್‌ಎಂಪೆಗ್‌ನಲ್ಲಿ ಎಚ್.264, 1080ಪಿ, ಸಿಆರ್‌ಎಫ್ (ಗುಣಮಟ್ಟದ ಅಳತೆ) 20 ಕೊಟ್ಟು ರಾತ್ರಿ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಟಿವಿಯಲ್ಲಿ ಒಂದೂ ಓಡಲಿಲ್ಲ! ನಾನು ಹೇಳದಿದ್ದರೆ ಎಫ್‌ಎಫ್‌ಎಂಪೆಗ್ 10 ಬಿಟ್ಟನ್ನೇ ಉಳಿಸಿಕೊಳ್ಳುತ್ತದೆ, ಅಂಥ ಎಚ್.264 ನಮ್ಮ ಟಿವಿಗೆ ಆಗಿಬರಲ್ಲ. ಪಿಕ್ಸೆಲ್ ಫಾರ್ಮ್ಯಾಟ್ ವೈಯುವಿ420ಪಿ (ಅಂದರೆ 8 ಬಿಟ್) ಅಂತ ಸೇರಿಸಿ ಮತ್ತೆ ಶುರು. ಸುಮಾರು 38 ಜಿಬಿ ಇದ್ದದ್ದು 15ರ ಹತ್ತಿರ ಬಂತು, ಎರಡು ರಾತ್ರಿ ಹಿಡಿಯಿತು. ಎಚ್‌ಡಿಆರ್ (ಹೆಚ್ಚಿನ ಹೊಳಪು, ಬಣ್ಣ ಹಿಡಿಯುವ ಚಿತ್ರೀಕರಣ) ಕಾರಣಕ್ಕೆ ರೇಷ್ಮೆ ಸೀರೆಗಳೆಲ್ಲ ಒಗೆದು ಒಗೆದು ಮಾಸಿದಂತೆ ಕಂಡವು. ಅದನ್ನು ಸರಿ ಮಾಡಿದ ಫಿಲ್ಟರ್ ಸಾಲು ಮಾತ್ರ ಇಲ್ಲಿ ಬರೆಯಲ್ಲ. ನಾಲ್ಕು ಭಾನುವಾರ ಕೂತು ಕಂಡುಕೊಂಡದ್ದು ಸ್ವಾಮಿ!

ಇದರ ನಡುವೆ ಸುಮ್ನೆ ಇನ್ನೊಂದು ನೋಡಿದೆ. ಯೂಟ್ಯೂಬ್ ಈ ಹಳೇ ಚಿಪ್‌ಗೆ ಸುಲಭವಾದ ಎಚ್.264ರಲ್ಲೇ ಬರುವಂತೆ ಬ್ರೌಸರಿಗೆ ಒಂದು ಆಡ್‌ಆನ್ ಹಾಕಿದೆ. ಸಿಪಿಯು 90ರಿಂದ 40ರ ಆಸುಪಾಸಿಗೆ ಇಳಿಯಿತು, ಫ್ಯಾನಿನ ಗಲಾಟೆಯೂ ನಿಂತಿತು.

ಈಗ ಭಾವ ತಮ್ಮ ಗೆಳೆಯರ ಪೆನ್‌ಡ್ರೈವ್‌ಗಳನ್ನೂ ನನಗೇ ಕಳಿಸುತ್ತಾರೆ. ಆ ಕಾರ್ಡ್ ಇನ್ನೂ ಕಪಾಟಿನಲ್ಲಿದೆ. ಸಾವಿರ ಕೊಟ್ಟರೆ ಕೊಟ್ಟುಬಿಡುತ್ತೇನೆ.